ಅರೆಕಾಲಿಕ ಕೆಲಸವೆಂದರೆ ಕರೆದಾಗಲೆಲ್ಲ ಹೋಗಬೇಕೆ?

ಪ್ರಶ್ನೆ (ಗಾಜನೂರಿನ ಕಡೆಯವಳು)

ಶಿವಮೊಗ್ಗದ ಗಾಂಧಿ ಬಜಾರಿನ ಆಸುಪಾಸಿನ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಹದಿನಾಲ್ಕು ತಿಂಗಳಿನಿಂದ ಅರೆಕಾಲಿಕವಾಗಿ ದುಡಿಯುತ್ತಿದ್ದೇನೆ. ಬಿಲ್ ಹಾಕುವುದು, ಬಂದ ಮಾಲನ್ನು ದಾಸ್ತಾನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಸೇರುವಾಗ ಮಾಲೀಕರೊಂದಿಗೆ ಬಾಯಿಮಾತಿನಲ್ಲಿ ಆದ ಒಪ್ಪಂದ ಇಷ್ಟೇ: ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 2.30ರವರೆಗೆ ಕೆಲಸ, ತಿಂಗಳಿಗೆ 7,800 ರೂಪಾಯಿ ಸಂಬಳ. ನಮ್ಮ ಮನೆ ಗಾಜನೂರಿನಿಂದ ಒಳಗಿದೆ. ಬಸ್ಸು ಹಿಡಿಯಲು ಎರಡು ಕಿಲೋಮೀಟರ್ ನಡೆಯಬೇಕು. ಅತ್ತೆಯವರಿಗೆ ಪಾರ್ಶ್ವವಾಯು ಆದಾಗಿನಿಂದ ಅವರ ಬಳಿ ಯಾರಾದರೊಬ್ಬರು ಇರಲೇಬೇಕಾಗಿದ್ದು, ಮಧ್ಯಾಹ್ನದವರೆಗೆ ಮಾವನವರು ನೋಡಿಕೊಳ್ಳುತ್ತಾರೆ, ನಾನು ಬಂದ ಮೇಲೆ ಅವರು ತೋಟಕ್ಕೆ ಹೋಗುತ್ತಾರೆ. ಸಂಜೆ ಐದರಿಂದ ಆರೂವರೆಯವರೆಗೆ ಊರಿನ ಏಳು ಮಕ್ಕಳಿಗೆ ಪಾಠ ಹೇಳುತ್ತೇನೆ, ಅದರಿಂದಲೂ ಸ್ವಲ್ಪ ಹಣ ಬರುತ್ತದೆ. ಬೇರೆ ಕೆಲಸ ಸಿಗಲಿಲ್ಲವೆಂದು ಇದನ್ನು ಹಿಡಿದವಳಲ್ಲ ನಾನು. ಮನೆಯ ಈ ವ್ಯವಸ್ಥೆಗೆ ನಾಲ್ಕು ಗಂಟೆಯ ಕೆಲಸವೇ ಹೊಂದುತ್ತದೆ ಎಂದು ಯೋಚಿಸಿಯೇ ಒಪ್ಪಿಕೊಂಡೆ.

ಮೊದಲ ನಾಲ್ಕೈದು ತಿಂಗಳು ಮಾತಿನಂತೆಯೇ ನಡೆಯಿತು. ಆಮೇಲೆ ಸಮಯ ಎರಡೂ ಕಡೆಗೆ ಎಳೆದಾಡತೊಡಗಿತು. ಆಷಾಢದ ಮಳೆಯಲ್ಲಿ ಗಿರಾಕಿಗಳು ಬಾರದ ದಿನ ಹನ್ನೆರಡು ಗಂಟೆಗೆ "ಇವತ್ತು ಕೆಲಸ ಇಲ್ಲ, ಹೊರಡಿ ಅಮ್ಮಾ" ಎಂದು ಕಳುಹಿಸುತ್ತಿದ್ದರು. ಹೀಗೆ ಕಳುಹಿಸಿದ ಹನ್ನೊಂದು ದಿನಗಳಿಗೆ ಅರ್ಧ ದಿನದ ಲೆಕ್ಕದಲ್ಲಿ 1,650 ರೂಪಾಯಿ ಸಂಬಳದಲ್ಲಿ ಕಡಿತವಾಯಿತು. ಅದೇ ಗೌರಿ ಹಬ್ಬದ ವಾರ ಮತ್ತು ದೀಪಾವಳಿಯ ವಾರ ಎರಡೂವರೆಗೆ ಚೀಲ ಎತ್ತಿಕೊಳ್ಳುವ ಹೊತ್ತಿಗೆ "ಇನ್ನು ಸ್ವಲ್ಪ ಇರಿ" ಎಂದು ಒಟ್ಟು ಒಂಬತ್ತು ದಿನ ಆರೂವರೆಯವರೆಗೆ ಉಳಿಸಿಕೊಂಡರು. ಆ ಗಂಟೆಗಳಿಗೆ ಸಂಬಳ ಕೇಳಿದಾಗ ಬಂದ ಉತ್ತರ, ಹಬ್ಬಕ್ಕೆ ಸೀರೆ ಕೊಟ್ಟಿದ್ದೇವಲ್ಲ ಎಂಬುದು. ಈಗ ಭಾನುವಾರವೂ ಫೋನ್ ಬರುತ್ತದೆ. ಮರುದಿನ ಎಷ್ಟು ಹೊತ್ತಿಗೆ ಬರಬೇಕೆಂಬ ಸಂದೇಶವನ್ನು ರಾತ್ರಿ ಒಂಬತ್ತರ ನಂತರ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ. ಉತ್ತರಿಸದಿದ್ದರೆ ಬೆಳಿಗ್ಗೆ ಎಲ್ಲರೆದುರು ಕೇಳುತ್ತಾರೆ.

ನಮ್ಮ ರಸ್ತೆಯಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ ಇರುವುದರಿಂದ ನನಗೆ ಅದರ ಪ್ರಯೋಜನ ಸಿಗುವುದು ಅಪರೂಪ. ಎರಡು ಗಂಟೆಯ ಕೆಲಸಕ್ಕೆ ಕರೆದು ಕಳುಹಿಸಿದ ದಿನವೂ ಬಸ್ಸಿನ ಖರ್ಚು ಅಷ್ಟೇ ಆಗುತ್ತದೆ. ಸಂಜೆ ತಡವಾದರೆ ಇಳಿದ ಮೇಲಿನ ಎರಡು ಕಿಲೋಮೀಟರನ್ನು ಕತ್ತಲಲ್ಲಿ ನಡೆಯಬೇಕು, ಪಾಠಕ್ಕೆ ಬಂದ ಮಕ್ಕಳು ಜಗಲಿಯಲ್ಲಿ ಕಾದು ಹಿಂತಿರುಗಿರುತ್ತಾರೆ. ಆಗಲೇ ಇಬ್ಬರು ಮಕ್ಕಳನ್ನು ಬೇರೆ ಕಡೆ ಸೇರಿಸಿದ್ದಾರೆ.

ಮಾಲೀಕರು ಕೆಟ್ಟವರಲ್ಲ. ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ ಕೇಳದೆಯೇ ಮುಂಗಡ ಕೊಟ್ಟವರು ಅವರು. ಆದ್ದರಿಂದಲೇ ಎದುರು ಮಾತಾಡಲು ಸಂಕೋಚವಾಗುತ್ತದೆ. "ಪಾರ್ಟ್ ಟೈಮ್ ಅಂದಮೇಲೆ ಅಡ್ಜಸ್ಟ್ ಮಾಡಿಕೊಳ್ಳಬೇಕು" ಎಂದು ಅವರು ಹೇಳಿದಾಗ ನನಗೆ ಉತ್ತರ ಹೊಳೆಯುವುದಿಲ್ಲ. ಅರೆಕಾಲಿಕ ನೌಕರಳಾದ ಮಾತ್ರಕ್ಕೆ ನನ್ನ ಉಳಿದ ಸಮಯದ ಮೇಲೂ ಅವರಿಗೆ ಹಕ್ಕಿದೆಯೇ? ಕಡಿತ ಮಾಡಿದ ಹಣವನ್ನು ಕೇಳಬಹುದೇ? ಕೇಳಿದರೆ ಕೆಲಸ ಹೋಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1 (ಶಿವಮೊಗ್ಗದ ವಕೀಲೆ)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂಬುದೇ. ಒಪ್ಪಿಕೊಂಡ ನಾಲ್ಕು ಗಂಟೆಗಳಾಚೆಗೆ ನಿಮ್ಮ ಸಮಯ ನಿಮ್ಮದು. ಆದರೆ ಆ ಉತ್ತರವನ್ನು ಕಾನೂನಿನಲ್ಲಿ ಹುಡುಕಿದಾಗ ಎಲ್ಲಿ ನೆಲ ಗಟ್ಟಿಯಾಗಿದೆ, ಎಲ್ಲಿ ಮೆತ್ತಗಿದೆ ಎಂಬುದು ನಿಮಗೆ ತಿಳಿದಿರಬೇಕು.

ನಿಮ್ಮ ಅಂಗಡಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅದು ಹಾಕುತ್ತದೆ. ಅದನ್ನು ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕೆನ್ನುತ್ತದೆ. ಸತತ ಐದು ಗಂಟೆ ದುಡಿಸಿದ ಮೇಲೆ ಒಂದು ಗಂಟೆಯ ಬಿಡುವು, ವಾರಕ್ಕೊಂದು ಪೂರ್ಣ ರಜೆ ಕಡ್ಡಾಯವೆನ್ನುತ್ತದೆ. ಇದೆಲ್ಲ ಇಡೀ ದಿನ ದುಡಿಯುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ಅರೆಕಾಲಿಕ ನೌಕರರು ಎಂಬ ಪ್ರತ್ಯೇಕ ವರ್ಗವೇ ಅದರಲ್ಲಿಲ್ಲ. ಇದರ ಪರಿಣಾಮ ಏನೆಂದರೆ, ನಾಲ್ಕು ಗಂಟೆಗೆಂದು ಸೇರಿದ ನಿಮ್ಮನ್ನು ಎಂಟು ಗಂಟೆ ಉಳಿಸಿಕೊಂಡರೂ ಕಾಯ್ದೆಯ ದೃಷ್ಟಿಯಲ್ಲಿ ಅದು ಓವರ್‌ಟೈಮ್ ಆಗುವುದಿಲ್ಲ, ಏಕೆಂದರೆ ಒಂಬತ್ತು ಗಂಟೆ ದಾಟಿಲ್ಲ. ಎರಡು ಪಟ್ಟು ಸಂಬಳವನ್ನು ನೀವು ಹಕ್ಕಿನಿಂದ ಕೇಳಲಾಗದು. ಅರೆಕಾಲಿಕರ ವಿಷಯದಲ್ಲಿ ನಮ್ಮ ಕಾನೂನಿನ ಅತಿ ದೊಡ್ಡ ಕೊರತೆ ಇದೇ ಎಂದು ನಾನು ಭಾವಿಸುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1994ರಲ್ಲಿಯೇ ಅರೆಕಾಲಿಕ ಕೆಲಸದ ಬಗ್ಗೆ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಅನುಮೋದಿಸಿಲ್ಲ.

ಆದರೆ ಎರಡು ಪಟ್ಟು ಇಲ್ಲವೆಂದರೆ ಬಿಟ್ಟಿ ಎಂದು ಅರ್ಥವಲ್ಲ. ತಿಂಗಳಿಗೆ 26 ದಿನ, ದಿನಕ್ಕೆ ನಾಲ್ಕು ಗಂಟೆ ಎಂದರೆ 104 ಗಂಟೆ. 7,800 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 75 ರೂಪಾಯಿ. ನೀವು ಹೆಚ್ಚುವರಿಯಾಗಿ ದುಡಿದ ಒಂಬತ್ತು ದಿನಗಳ 36 ಗಂಟೆಗಳಿಗೆ ಈ ದರದಲ್ಲಿ 2,700 ರೂಪಾಯಿ ಬರಬೇಕು. ಸೀರೆ ಉಡುಗೊರೆಯೇ ಹೊರತು ಸಂಬಳವಲ್ಲ. ಅಷ್ಟು ಹೊತ್ತು ಉಳಿಸಿಕೊಂಡ ದಿನ ಊಟದ ಬಿಡುವು ಕೊಡದಿದ್ದರೆ ಅದು ಪ್ರತ್ಯೇಕ ಲೋಪ.

ಇನ್ನು ಕಡಿತದ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ, 2019ರ ಪ್ರಕಾರ ಸಂಬಳದಲ್ಲಿ ಮನಬಂದಂತೆ ಹಿಡಿಯುವಂತಿಲ್ಲ. ಹಿಡಿಯಬಹುದಾದ ಕಾರಣಗಳ ಪಟ್ಟಿಯೇ ಅದರಲ್ಲಿದೆ. ಗೈರುಹಾಜರಿ ಅಂಥ ಒಂದು ಕಾರಣ. ಆದರೆ ನೀವು ಗೈರಾಗಿರಲಿಲ್ಲ, ಅಂಗಡಿಯಲ್ಲಿ ಹಾಜರಿದ್ದಿರಿ, ನಿಮ್ಮನ್ನು ಕಳುಹಿಸಿದವರು ಅವರು. ದಿನಗೂಲಿಯವರ ವಿಷಯದಲ್ಲಂತೂ, ಕೆಲಸ ಒದಗಿಸದೆ ಇದ್ದುದು ಮಾಲೀಕರ ಕಡೆಯ ಕೊರತೆಯಾದರೆ ಕಡಿಮೆ ಗಂಟೆ ದುಡಿದರೂ ಪೂರ್ಣ ದಿನದ ಕೂಲಿ ಸಲ್ಲಬೇಕೆಂದು ಸಂಹಿತೆಯ 10ನೆಯ ಕಲಮು ಹೇಳುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇದೇ ತತ್ವವಿತ್ತು. ತಿಂಗಳ ಸಂಬಳದ ಅರೆಕಾಲಿಕ ನೌಕರರಿಗೆ ಆ ಕಲಮು ಅಕ್ಷರಶಃ ಹೊಂದುತ್ತದೆಯೇ ಎಂಬ ವಾದಕ್ಕೆ ಅವಕಾಶವಿದೆಯಾದರೂ, ಮಳೆ ಬಂದು ವ್ಯಾಪಾರ ಕುಸಿದದ್ದರ ಹೊರೆಯನ್ನು ನೌಕರರ ಮೇಲೆ ಹಾಕಬಾರದೆಂಬ ತತ್ವ ನಿಮ್ಮ ಪರವಾಗಿದೆ. ಆ 1,650 ರೂಪಾಯಿಯನ್ನು ನಿಸ್ಸಂಕೋಚವಾಗಿ ಕೇಳಿ. ಬಾಕಿ ವೇತನದ ಕ್ಲೇಮು ಹಾಕಲು ಮೂರು ವರ್ಷದ ಕಾಲಾವಕಾಶವಿದೆ.

ಕೆಲಸ ಹೋಗುವ ಭಯಕ್ಕೆ: ಸತತ ಆರು ತಿಂಗಳು ಸೇವೆ ಸಲ್ಲಿಸಿದವರನ್ನು ಯೋಗ್ಯ ಕಾರಣವಿಲ್ಲದೆ, ಒಂದು ತಿಂಗಳ ಮುಂಚಿತ ನೋಟಿಸನ್ನಾಗಲಿ ಅದರ ಬದಲಿನ ಸಂಬಳವನ್ನಾಗಲಿ ಕೊಡದೆ ತೆಗೆಯುವಂತಿಲ್ಲ ಎಂದು 1961ರ ಕಾಯ್ದೆಯ 39ನೆಯ ಕಲಮು ಹೇಳುತ್ತದೆ. ನಿಮ್ಮದು ಹದಿನಾಲ್ಕು ತಿಂಗಳ ಸೇವೆ.

ಎಲ್ಲಕ್ಕಿಂತ ಮೊದಲು ನೀವು ಪಡೆಯಬೇಕಾದದ್ದು ನೇಮಕಾತಿ ಆದೇಶ. ಸೇರಿದ ಮೂವತ್ತು ದಿನಗಳೊಳಗೆ ನಮೂನೆ 'ಕ್ಯೂ'ನಲ್ಲಿ ಅದನ್ನು ಕೊಡುವುದು ಮಾಲೀಕರ ಕರ್ತವ್ಯ. ಅದರಲ್ಲಿ ನಿಮ್ಮ ಗಂಟೆಗಳು ಬರೆದಿದ್ದರೆ ಈ ಪ್ರಶ್ನೆಯ ಮುಕ್ಕಾಲು ಭಾಗ ಹುಟ್ಟುತ್ತಲೇ ಇರಲಿಲ್ಲ. ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಹೋದ ಹೊತ್ತು, ಬಂದ ಹೊತ್ತು, ಯಾರು ಏನು ಹೇಳಿದರು ಎಂಬುದನ್ನು ಬರೆದಿಡಿ. ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಮಾತಿನಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಉತ್ತರ 2 (ಸಾಗರದ ಜವಳಿ ವ್ಯಾಪಾರಿ)

ನಾನು ಮಾಲೀಕರ ಕಡೆಯವನು. ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಅಂಗಡಿಯ ಒಳಗಿನಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಹೇಳಿದರೆ ನಿಮ್ಮ ಮಾತುಕತೆಗೆ ಉಪಯೋಗವಾದೀತು.

ಮಲೆನಾಡಿನಲ್ಲಿ ಬಟ್ಟೆ ವ್ಯಾಪಾರ ವರ್ಷವಿಡೀ ಒಂದೇ ಸಮನೆ ನಡೆಯುವುದಿಲ್ಲ. ಅಡಿಕೆ ಕೊಯ್ಲು ಮುಗಿದು, ಮಂಡಿಯಿಂದ ದುಡ್ಡು ಕೈಗೆ ಬಂದ ಮೇಲೆ ಮದುವೆ ಜವಳಿ ಶುರುವಾಗುತ್ತದೆ. ಮುಂಗಾರು ಹಿಡಿದುಕೊಂಡರೆ ಬೋಣಿ ಆಗುವುದೇ ಮಧ್ಯಾಹ್ನ. ನಮ್ಮೂರಿನಲ್ಲಂತೂ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ, ಆ ದಿನಗಳಲ್ಲಿ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಮೂರು ಜನ ಪೂರ್ಣಾವಧಿ ನೌಕರರನ್ನು ವರ್ಷವಿಡೀ ಸಾಕುವ ಶಕ್ತಿ ನನ್ನಂಥವರಿಗೆ ಇಲ್ಲದಿರುವುದರಿಂದಲೇ ಅರೆಕಾಲಿಕರನ್ನು ಇಟ್ಟುಕೊಳ್ಳುತ್ತೇವೆ. ಬೇಕಾದಾಗ ಜನ ಬೇಕು ಎಂಬ ನಮ್ಮ ಅಗತ್ಯ ಸುಳ್ಳಲ್ಲ.

ಆದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. 2023ರ ಜಾತ್ರೆಯಲ್ಲಿ, ಮಧ್ಯಾಹ್ನದವರೆಗೆ ಮಾತ್ರ ಬರುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಸತತ ಆರು ದಿನ ರಾತ್ರಿಯವರೆಗೆ ಉಳಿಸಿಕೊಂಡೆ. ಹಣವನ್ನೇನೋ ಕೊಟ್ಟೆ. ಆದರೆ ಮುಂಚಿತವಾಗಿ ಹೇಳಲಿಲ್ಲ, ಆಗುತ್ತದೆಯೇ ಎಂದು ಕೇಳಲಿಲ್ಲ. ಜಾತ್ರೆ ಮುಗಿದ ಮರುವಾರ ಅವರು ಕೆಲಸ ಬಿಟ್ಟರು. ಲೆಕ್ಕದಲ್ಲಿ ಅಷ್ಟು ಕರಾರುವಾಕ್ಕಾಗಿದ್ದ, ಗಿರಾಕಿಗಳನ್ನು ಹೆಸರಿನಿಂದ ಮಾತಾಡಿಸುತ್ತಿದ್ದ ಇನ್ನೊಬ್ಬರು ನನಗೆ ಇಂದಿನವರೆಗೆ ಸಿಕ್ಕಿಲ್ಲ. ಅವರ ತಾಯಿ ಆ ವಾರ ಹುಷಾರಿರಲಿಲ್ಲ ಎಂಬುದು ಆಮೇಲೆ ಬೇರೆಯವರಿಂದ ತಿಳಿಯಿತು.

ಆ ನಂತರ ನಮ್ಮ ಅಂಗಡಿಯಲ್ಲಿ ಕ್ರಮ ಬದಲಾಯಿಸಿದೆ. ಪಂಚಾಂಗ ನಮ್ಮೆಲ್ಲರ ಗೋಡೆಯ ಮೇಲೆ ಇರುತ್ತದೆ. ಗೌರಿ ಹಬ್ಬ, ದೀಪಾವಳಿ, ಮದುವೆಯ ಮುಹೂರ್ತಗಳು ಯಾವಾಗ ಎಂದು ಯುಗಾದಿಯ ದಿನವೇ ಗೊತ್ತಾಗುತ್ತದೆ. ಹಾಗಿರುವಾಗ ಹೆಚ್ಚು ಜನ ಬೇಕಾದ ದಿನಗಳು ಮಧ್ಯಾಹ್ನ ಎರಡೂವರೆಗೆ ಹೊಳೆಯುವ ಸಂಗತಿಯೇನಲ್ಲ. ತಿಂಗಳ ಮೊದಲೇ ಆ ದಿನಗಳನ್ನು ಗುರುತು ಮಾಡಿ ಯಾರಿಗೆ ಸಾಧ್ಯ ಎಂದು ಕೇಳುತ್ತೇನೆ. ಹೆಚ್ಚುವರಿ ಗಂಟೆಗೆ ಒಂದೂವರೆ ಪಟ್ಟು ಕೊಡುತ್ತೇನೆ, ಕಾನೂನು ಕೇಳುತ್ತದೋ ಇಲ್ಲವೋ ಎಂದು ನೋಡುವುದಿಲ್ಲ. ಆಗುವುದಿಲ್ಲ ಎಂದವರನ್ನು ಎರಡನೆಯ ಸಲ ಒತ್ತಾಯಿಸುವುದಿಲ್ಲ. ಮಳೆಗಾಲದಲ್ಲಿ ವ್ಯಾಪಾರ ಇಲ್ಲದ ದಿನ ದಾಸ್ತಾನು ಎಣಿಸುವುದು, ಹಳೆಯ ಬಾಕಿ ಪಟ್ಟಿ ಮಾಡುವುದು ಮುಂತಾದ ಕೆಲಸ ಇಟ್ಟಿರುತ್ತೇನೆ. ಖರ್ಚು ಸ್ವಲ್ಪ ಹೆಚ್ಚಾಗಿದೆ, ನಿಜ. ಜನ ಉಳಿದಿದ್ದಾರೆ.

ನಿಮ್ಮ ಮಾಲೀಕರು ಕಷ್ಟಕ್ಕೆ ಮುಂಗಡ ಕೊಟ್ಟವರು ಎಂದಿರಿ. ಅಂಥವರಿಗೆ ನಿಮ್ಮ ತೊಂದರೆ ಏನೆಂಬುದು ಗೊತ್ತೇ ಇರಲಿಕ್ಕಿಲ್ಲ. ಪಾಠದ ಮಕ್ಕಳ ವಿಷಯ, ಕತ್ತಲಲ್ಲಿ ನಡೆಯುವ ವಿಷಯ ಅವರಿಗೆ ಹೇಳಿದ್ದೀರಾ? ದೂರಿಗೆ ಮುಂಚೆ ಅದನ್ನು ಹೇಳಿ ನೋಡಿ. ಮುಂಗಡದ ಋಣವನ್ನು ಸಂಬಳದಲ್ಲಿ ತೀರಿಸುತ್ತೀರಿ ತಾನೆ, ಸಮಯದಲ್ಲಿ ತೀರಿಸಬೇಕಾಗಿಲ್ಲ.

ಉತ್ತರ 3 (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಮನೆಯವರು)

ತಂಗೀ, ನಿಮ್ಮ ಬರಹ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಅಂಗಳದ ಅಡಿಕೆ ಸುಲಿತ. ಪೇಟೆಯ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ ಎನ್ನಿಸಬಹುದು, ಆದರೆ ಅರೆಕಾಲಿಕ ಕೆಲಸ ಎಂಬ ಹೆಸರು ಹುಟ್ಟುವ ಮೊದಲಿನಿಂದಲೂ ನಮ್ಮ ಕಡೆಯ ಹೆಣ್ಣುಮಕ್ಕಳು ಮಾಡಿಕೊಂಡು ಬಂದ ಕೆಲಸ ಇದು.

ಕೊನೆ (ಅಡಿಕೆಯ ಗೊನೆ) ಇಳಿಸಿದ ಮೇಲೆ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸಬೇಕು. ಅವಸರ ಪೂರ್ತಿ ನಮ್ಮದು. ಆದ್ದರಿಂದ ಹಿಂದಿನ ಸಂಜೆಯೇ ನಾವೇ ಅವರ ಮನೆ ಬಾಗಿಲಿಗೆ ಹೋಗಿ "ನಾಳೆ ಬರಲಿಕ್ಕೆ ಆಗ್ತದಾ?" ಎಂದು ಕೇಳಿಕೊಂಡು ಬರುತ್ತೇವೆ. ಅವರು ತಮ್ಮ ಮನೆಗೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ ಬರುತ್ತಾರೆ. ಕೆಲವರು ರಾತ್ರಿ ಊಟವಾದ ಮೇಲೆ ಬಂದು ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಮುಂದೆ ಕೂರುತ್ತಾರೆ. ಸುಲಿದಷ್ಟು ಡಬ್ಬಕ್ಕೆ ಹಣ. ಎದ್ದು ಹೋದರೆ ಯಾರೂ ಪ್ರಶ್ನಿಸುವುದಿಲ್ಲ. ಹೊಂದಿಕೊಳ್ಳುವಿಕೆ ಎಂಬುದು ಅಲ್ಲಿ ನಿಜವಾಗಿ ಇದೆ, ಏಕೆಂದರೆ ಬೇಡವೆನ್ನುವ ಸ್ವಾತಂತ್ರ್ಯ ಅವರ ಕೈಯಲ್ಲಿದೆ.

ಅದರಲ್ಲೂ ಒಂದು ಅನ್ಯಾಯವಿದೆ, ಮುಚ್ಚಿಡಬಾರದು. ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಬಾರದೆ ಹೋದರೆ, ಅಕಾಲದ ಮಳೆ ಹಿಡಿದು ಕೊಯ್ಲು ನಿಂತರೆ, ಕರೆದ ಮಾತಿಗೆ ಬಂದು ಕೂತವರು ಬರಿಗೈಯಲ್ಲಿ ಹೋಗುತ್ತಿದ್ದರು. ನಮ್ಮ ಅತ್ತೆಯವರು ಅಂಥ ದಿನ ಊಟ ಹಾಕಿ ಕಳುಹಿಸುತ್ತಿದ್ದರು, ಅಷ್ಟೇ. ಈಗ ನಾನು ಎರಡು ಡಬ್ಬದ ಹಣ ಕೊಟ್ಟೇ ಕಳುಹಿಸುತ್ತೇನೆ. ಬಂದವರ ಅರ್ಧ ದಿನ ಆಗಲೇ ಹೋಗಿರುತ್ತದೆಯಲ್ಲ, ಅದು ಅವರಿಗೆ ಮರಳಿ ಸಿಗುವುದಿಲ್ಲ. ನಿಮ್ಮನ್ನು ಹನ್ನೆರಡಕ್ಕೆ ಕಳುಹಿಸಿದ ದಿನ ನಿಮ್ಮದೂ ಹಾಗೆಯೇ: ಎರಡು ಕಿಲೋಮೀಟರ್ ನಡೆದು, ಬಸ್ಸಿಗೆ ಕಾದು, ಮಳೆಯಲ್ಲಿ ನೆನೆದು ಬಂದದ್ದೆಲ್ಲ ಅವರ ಅಂಗಡಿಗಾಗಿ ಕಳೆದ ಸಮಯ.

ಆದ್ದರಿಂದ ಸಂಕೋಚ ಬಿಡಿ. ನಿಮ್ಮ ಮಾಲೀಕರ ಹತ್ತಿರ ಎರಡು ವಿಷಯ ಮಾತ್ರ ಬಿಗಿಯಾಗಿ ಹಿಡಿಯಿರಿ, ಬಂದ ದಿನದ ಪೂರ್ತಿ ಸಂಬಳ ಮತ್ತು ಬೇಡವೆನ್ನುವ ಹಕ್ಕು. ಉಳಿದದ್ದರಲ್ಲಿ ಸ್ವಲ್ಪ ಸಡಿಲ ಬಿಟ್ಟರೂ ನಡೆಯುತ್ತದೆ.

ಪ್ರಶ್ನೆ ಕೇಳಿದವಳಿಂದ

ಮೂವರಿಗೂ ಕೃತಜ್ಞತೆಗಳು. ಎರಡು ವಾರ ದಿನಚರಿ ಬರೆದಿಟ್ಟುಕೊಂಡ ಮೇಲೆ ಕಳೆದ ಶನಿವಾರ ಮಾಲೀಕರಿಗೆ ಒಂದು ಪತ್ರ ಕೊಟ್ಟೆ. ಅದರ ಮುಖ್ಯ ಭಾಗ ಹೀಗಿದೆ:

"ನಾನು ದಿನಕ್ಕೆ ನಾಲ್ಕು ಗಂಟೆ ಕೆಲಸಕ್ಕೆ ಒಪ್ಪಿ ಬಂದವಳು. ಆ ನಾಲ್ಕು ಗಂಟೆಗಳಲ್ಲಿ ನನ್ನಿಂದ ಯಾವ ಲೋಪವೂ ಆಗಿಲ್ಲವೆಂದು ನಂಬಿದ್ದೇನೆ. ಹೆಚ್ಚು ಹೊತ್ತು ಬೇಕಾದ ದಿನವನ್ನು ಮೂರು ದಿನ ಮುಂಚಿತವಾಗಿ ತಿಳಿಸಿದರೆ, ತಿಂಗಳಿಗೆ ನಾಲ್ಕು ದಿನದ ಮಿತಿಯಲ್ಲಿ, ಸಂಜೆ 4ರವರೆಗೆ ಇರಬಲ್ಲೆ. ಆ ಗಂಟೆಗಳಿಗೆ ಸಂಬಳ ಕೊಡಬೇಕು. ಬಂದ ದಿನ ಬೇಗ ಕಳುಹಿಸಿದರೆ ಕಡಿತ ಮಾಡಬಾರದು. ಭಾನುವಾರ ಬರಲು ಸಾಧ್ಯವಿಲ್ಲ. ನನ್ನ ಕೆಲಸದ ಸಮಯವನ್ನು ನಮೂದಿಸಿ ನೇಮಕಾತಿ ಆದೇಶ ಕೊಡಬೇಕೆಂದು ವಿನಂತಿಸುತ್ತೇನೆ."

ಪತ್ರ ಓದಿ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಬರೆದು ಕೊಡುವಷ್ಟು ದೂರದವರಾದೆವಾ ನಾವು" ಎಂದರು. ಆ ಮಾತು ನನಗೆ ನೋವು ಕೊಟ್ಟಿತು. ನಾನು ಪಾಠದ ಮಕ್ಕಳ ವಿಷಯ, ಅತ್ತೆಯವರ ವಿಷಯ ಎಲ್ಲವನ್ನೂ ಹೇಳಿದೆ. ಸಾಗರದವರು ಊಹಿಸಿದ್ದು ಸರಿಯಾಗಿತ್ತು, ಸಂಜೆ ಪಾಠ ಹೇಳುತ್ತೇನೆ ಎಂಬುದು ಅವರಿಗೆ ತಿಳಿದೇ ಇರಲಿಲ್ಲ. ಸೋಮವಾರ ಕರೆದು, ಇನ್ನು ಮುಂದೆ ಬೇಗ ಕಳುಹಿಸಿದ ದಿನ ಸಂಬಳ ಹಿಡಿಯುವುದಿಲ್ಲವೆಂದೂ, ಹೆಚ್ಚುವರಿ ಗಂಟೆಗೆ 75 ರೂಪಾಯಿಯಂತೆ ಕೊಡುವುದಾಗಿಯೂ ಹೇಳಿದರು. ಹಿಂದಿನ 1,650 ರೂಪಾಯಿಯನ್ನು ಮುಂಗಡದ ಬಾಕಿಯಲ್ಲಿ ವಜಾ ಮಾಡಿಕೊಂಡರು. ಹಬ್ಬದ ದಿನಗಳ 2,700 ರೂಪಾಯಿಯ ಬಗ್ಗೆ ಮಾತೆತ್ತಲಿಲ್ಲ. ಭಾನುವಾರದ ವಿಷಯದಲ್ಲಿ "ಸೀಜನ್‌ನಲ್ಲಿ ನೋಡೋಣ" ಎಂದಷ್ಟೇ ಹೇಳಿದರು. ನೇಮಕಾತಿ ಆದೇಶವನ್ನು ಲೆಕ್ಕಪರಿಶೋಧಕರನ್ನು ಕೇಳಿ ಕೊಡುತ್ತಾರಂತೆ.

ವಕೀಲರಲ್ಲಿ ಇನ್ನೊಂದು ಪ್ರಶ್ನೆ. ಆ 2,700 ರೂಪಾಯಿಯನ್ನು ಈಗಲೇ ಒತ್ತಾಯಿಸಿ ಕೇಳಲೇ, ಆದೇಶ ಕೈಗೆ ಬಂದ ಮೇಲೆ ಕೇಳಲೇ?

ಉತ್ತರ 4 (ಶಿವಮೊಗ್ಗದ ವಕೀಲೆ)

ಆದೇಶ ಬರಲಿ, ಹದಿನೈದು ದಿನ ನೋಡಿ. ಮೂರು ವರ್ಷದ ಅವಕಾಶ ಇರುವುದರಿಂದ ಹಣ ಎಲ್ಲಿಯೂ ಹೋಗುವುದಿಲ್ಲ. ಆದರೆ ಕಡಿತದ ಹಣವನ್ನು ಮುಂಗಡದಲ್ಲಿ ವಜಾ ಮಾಡಿಕೊಂಡದ್ದಕ್ಕೆ ದಿನಾಂಕ ಹಾಕಿ ಬರಹದಲ್ಲಿ ರಸೀತಿ ಪಡೆಯಿರಿ, ಮುಂಗಡ ಇನ್ನೆಷ್ಟು ಉಳಿದಿದೆ ಎಂಬುದನ್ನೂ ಅದರಲ್ಲಿಯೇ ಬರೆಸಿ. ಆದೇಶದಲ್ಲಿ ಕೆಲಸದ ಸಮಯದ ಜಾಗದಲ್ಲಿ "ಸಂಸ್ಥೆಯ ಅಗತ್ಯಕ್ಕೆ ಅನುಗುಣವಾಗಿ" ಎಂಬ ಪದಗಳಿದ್ದರೆ ಸಹಿ ಮಾಡುವ ಮುನ್ನ 10.30ರಿಂದ 2.30 ಎಂದು ತಿದ್ದಿಸಿಕೊಳ್ಳಿ. ವಾರದ ರಜೆ ಯಾವ ದಿನ ಎಂಬ ಅಂಕಣವನ್ನು ಖಾಲಿ ಬಿಡಲು ಒಪ್ಪಬೇಡಿ. ಅಲ್ಲಿ ಭಾನುವಾರ ಎಂದು ಬರೆದರೆ ಸೀಜನ್ನಿನ ಮಾತಿಗೆ ಉತ್ತರ ಅಲ್ಲಿಯೇ ಇರುತ್ತದೆ.